ಬೆಲ್‌ಫಾಸ್ಟ್‌ನ ಐರಿಶ್ ಮಾಧ್ಯಮ ಶಾಲೆಯಲ್ಲಿ ಸ್ವಯಂಸೇವೆ: ಐರಿಶ್ ಬಾರದ ಕನ್ನಡ ಶಿಕ್ಷಕಿಯಿಂದ ಅಲ್ಲಿ ಏನು ಉಪಯೋಗ?

ಪ್ರಶ್ನೆ: ಮಲಪ್ರಭೆ (ಖಾನಾಪುರ, ಬೆಳಗಾವಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಖಾನಾಪುರ ತಾಲ್ಲೂಕಿನ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷಗಳಿಂದ ಅತಿಥಿ ಶಿಕ್ಷಕಿಯಾಗಿದ್ದೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ ನಲಿ-ಕಲಿ ನನ್ನ ಪಾಲಿನ ಕೆಲಸ. ನನ್ನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮನೆಮಾತು ಮರಾಠಿ. ಜೂನ್ ತಿಂಗಳಲ್ಲಿ ಮೊದಲ ಸಲ ಬಂದು ಕೂತಾಗ ಅವರಿಗೆ ನನ್ನ ಮಾತು ತಿಳಿಯುವುದಿಲ್ಲ, ದೀಪಾವಳಿ ರಜೆ ಮುಗಿಸಿ ಬರುವಷ್ಟರಲ್ಲಿ ಕನ್ನಡದಲ್ಲಿಯೇ ಜಗಳವಾಡುತ್ತಿರುತ್ತಾರೆ. ಈ ನಡುವಿನ ನಾಲ್ಕೈದು ತಿಂಗಳಲ್ಲಿ ಅವರೊಳಗೆ ಏನು ನಡೆಯುತ್ತದೆ, ಅದರಲ್ಲಿ ನನ್ನ ಪಾತ್ರ ಎಷ್ಟು ಎಂಬುದನ್ನು ಯಾವ ತರಬೇತಿಯೂ ನನಗೆ ಸರಿಯಾಗಿ ಹೇಳಿಕೊಟ್ಟಿಲ್ಲ.

ಈ ಹುಡುಕಾಟದಲ್ಲಿಯೇ ಐರ್ಲೆಂಡಿನ ಐರಿಶ್ ಮಾಧ್ಯಮ ಶಾಲೆಗಳ ಬಗ್ಗೆ ಓದಿದೆ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡುವ ಮಕ್ಕಳನ್ನು ಮೊದಲ ದಿನದಿಂದಲೇ ಐರಿಶ್ ಭಾಷೆಯೊಳಗೆ ಇಳಿಸಿ, ಎಲ್ಲ ಪಾಠಗಳನ್ನೂ ಆ ಭಾಷೆಯಲ್ಲಿಯೇ ಕಲಿಸುವ ಶಾಲೆಗಳವು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಒಂದು ಸಮುದಾಯ ಕೇಂದ್ರಕ್ಕೆ ಪತ್ರ ಬರೆದಿದ್ದೆ. ಕೇಂದ್ರದಲ್ಲಿ ಅರ್ಧ ದಿನ, ಹತ್ತಿರದ ಐರಿಶ್ ಶಾಲೆಯಲ್ಲಿ ಅರ್ಧ ದಿನ, ಒಟ್ಟು ಆರು ತಿಂಗಳು ಸ್ವಯಂಸೇವಕಿಯಾಗಿ ಬರಬಹುದೆಂದು ಅವರು ಉತ್ತರಿಸಿದ್ದಾರೆ. ವಸತಿ ಮತ್ತು ಊಟದ ವ್ಯವಸ್ಥೆ ಅವರದು, ಪ್ರಯಾಣದ ಖರ್ಚು ನನ್ನದು, ಸಂಬಳವಿಲ್ಲ.

ಮನೆಯಲ್ಲಿ ಅಪ್ಪ ಒಪ್ಪಿದ್ದಾರೆ, ಅವ್ವ ಇನ್ನೂ ಒಪ್ಪಿಲ್ಲ. ಅವಳ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ: ಅಲ್ಲಿಯ ಭಾಷೆಯೇ ಬಾರದವಳು ಅಲ್ಲಿಯ ಮಕ್ಕಳಿಗೆ ಏನು ಮಾಡಿಯಾಳು? ಇಂಗ್ಲಿಷ್ ಒಂದಿಷ್ಟು ಬರುತ್ತದೆ, ಆದರೆ ಆ ಶಾಲೆಗೆ ಬೇಕಾಗಿರುವುದು ಇಂಗ್ಲಿಷ್ ಅಲ್ಲವಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಬೇಕು. ಕಾಗದಪತ್ರಗಳ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ತಾಜ್‌ಬಾವಡಿ ಅಕ್ಕ (ವಿಜಯಪುರ)

ತಂಗಿ, ಸಮಾಜಕಾರ್ಯದಲ್ಲಿ ಪದವಿ ಮುಗಿಸಿದ ಮೇಲೆ ನಾನು ಹನ್ನೊಂದು ತಿಂಗಳು ಬೆಲ್‌ಫಾಸ್ಟ್‌ನ ಪಶ್ಚಿಮ ಭಾಗದ ಒಂದು ಸಮುದಾಯ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿದ್ದೆ. ನಿಮ್ಮ ಅವ್ವ ಕೇಳಿದ ಪ್ರಶ್ನೆಯನ್ನೇ ನಾನೂ ಹೊತ್ತುಕೊಂಡು ಹೋಗಿದ್ದೆ. ಆದ್ದರಿಂದ ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ನನ್ನ ದಿನ ಬೆಳಿಗ್ಗೆ ವಯಸ್ಸಾದವರ ಊಟದ ಕೂಟದಿಂದ ಆರಂಭವಾಗುತ್ತಿತ್ತು. ಒಂಟಿಯಾಗಿ ಬದುಕುವ ಹಿರಿಯರು ಬಂದು ಸೂಪು, ಬ್ರೆಡ್ಡು ತಿಂದು, ಚಹಾ ಕುಡಿದು, ಎರಡು ತಾಸು ಮಾತಾಡಿ ಹೋಗುತ್ತಿದ್ದರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳು ಶಾಲೆಯಲ್ಲಿ ಕೊಟ್ಟ ಮನೆಪಾಠ ಮಾಡಲು ಅಲ್ಲಿಗೇ ಬರುತ್ತಿದ್ದರು. ವಾರದಲ್ಲಿ ಎರಡು ಸಂಜೆ ಆ ಮಕ್ಕಳ ತಂದೆತಾಯಂದಿರಿಗೆ ಐರಿಶ್ ಪಾಠ ನಡೆಯುತ್ತಿತ್ತು. ಈ ಸಂಜೆಯ ಪಾಠದಲ್ಲಿ ನಾನೂ ಕಲಿಯುವವಳಾಗಿ ಕೂತೆ, ಮತ್ತು ನನಗೆ ಅಲ್ಲಿ ಬೆಲೆ ಬಂದದ್ದು ಅದರಿಂದಲೇ. ನಾಚಿಕೆಯಿಂದ ಬಾಯಿ ಬಿಡದಿದ್ದ ತಾಯಂದಿರು, ಏಳು ಸಮುದ್ರದಾಚೆಯಿಂದ ಬಂದವಳು ತಪ್ಪುತಪ್ಪಾಗಿಯಾದರೂ ಮಾತಾಡುತ್ತಿದ್ದಾಳೆ ಎಂದು ತಾವೂ ಮಾತಾಡತೊಡಗಿದರು.

ಈಗ ನನ್ನ ತಪ್ಪನ್ನು ಹೇಳಬೇಕು, ಏಕೆಂದರೆ ನಿಮಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಮೂರು ವಾರ ನಾನು ಮಕ್ಕಳಿಗೆ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಆದರೆ ನಾನು ಕೋಣೆಯೊಳಗೆ ಕಾಲಿಟ್ಟ ಕ್ಷಣವೇ ಎಲ್ಲ ಮಕ್ಕಳೂ ಐರಿಶ್ ಬಿಟ್ಟು ಇಂಗ್ಲಿಷಿಗೆ ಹೊರಳುತ್ತಿದ್ದರು. ಇಪ್ಪತ್ತು ಮಕ್ಕಳಿರುವ ಕೋಣೆಯ ಭಾಷೆಯನ್ನು ನಾನೊಬ್ಬಳೇ ಬದಲಾಯಿಸಿಬಿಟ್ಟಿದ್ದೆ. ಅಲ್ಲಿಯ ಶಿಕ್ಷಕಿ ಒಂದು ದಿನ ಪಕ್ಕಕ್ಕೆ ಕರೆದು ಬಹಳ ಮೆತ್ತಗೆ ತಿಳಿಸಿದರು: ನಿಮಗೆ ಐರಿಶ್ ಬರುವುದಿಲ್ಲ ಎಂಬುದರಿಂದ ತೊಂದರೆ ಇಲ್ಲ, ನಿಮ್ಮ ಜೊತೆ ಇಂಗ್ಲಿಷ್ ಬರುತ್ತದೆ ಎಂಬುದೇ ತೊಂದರೆ. ಹತ್ತೇ ಮಾತು ಬಂದರೆ ಹತ್ತರಲ್ಲಿಯೇ ಮಾತಾಡಿ, ಉಳಿದದ್ದನ್ನು ಕೈಸನ್ನೆಯಲ್ಲಿ ತೋರಿಸಿ ಎಂದರು.

ಅಂದಿನಿಂದ ನಾನು ಮಕ್ಕಳ ಮುಂದೆ ಇಂಗ್ಲಿಷ್ ಬಾರದವಳಂತೆ ಇದ್ದೆ. ಆಗ ನಡೆದದ್ದು ನನ್ನ ಮಟ್ಟಿಗೆ ಆಶ್ಚರ್ಯದ ಸಂಗತಿ. ತರಗತಿಯಲ್ಲಿ ಬಾಯಿಯನ್ನೇ ತೆರೆಯದಿದ್ದ ಏಳು ವರ್ಷದ ಒಬ್ಬ ಹುಡುಗಿ ನನಗೆ ಕಲಿಸುವ ಜವಾಬ್ದಾರಿಯನ್ನು ತಾನೇ ಹೊತ್ತುಕೊಂಡಳು. ಪೆನ್ಸಿಲು, ಕಿಟಕಿ, ಮಳೆ ಎಂದು ಒಂದೊಂದನ್ನೂ ತೋರಿಸಿ, ನಾನು ಸರಿಯಾಗಿ ಹೇಳುವವರೆಗೆ ಬಿಡುತ್ತಿರಲಿಲ್ಲ. ಐರಿಶ್ ಮಾತ್ರ ಅರ್ಥವಾಗುವ ಹಿರಿಯರೊಬ್ಬರು ಆ ಮಕ್ಕಳ ಬದುಕಿನಲ್ಲಿ ಬೇರೆಲ್ಲಿಯೂ ಇರಲಿಲ್ಲ. ಅವರ ಅಜ್ಜ-ಅಜ್ಜಿಯರಿಗೂ ಇಂಗ್ಲಿಷ್ ಬರುತ್ತದೆ, ಅಂಗಡಿಯವನಿಗೂ ಬರುತ್ತದೆ. ಹಾಗಾಗಿ, ತಂಗಿ, ನಿಮ್ಮ ಅವ್ವನಿಗೆ ಹೀಗೆ ಹೇಳಿ: ಭಾಷೆ ಬಾರದಿರುವುದೇ ಅಲ್ಲಿ ಒಂದು ಕೆಲಸಕ್ಕೆ ಬರುತ್ತದೆ, ಆದರೆ ಅದನ್ನು ಕಲಿಯುವ ಮನಸ್ಸು ಇರಬೇಕು ಮತ್ತು ಇಂಗ್ಲಿಷನ್ನು ಬಾಗಿಲ ಹೊರಗೆ ಬಿಟ್ಟು ಬರುವ ಸಂಯಮ ಇರಬೇಕು.

ಭಾಷೆಯ ಬಗ್ಗೆ ಹೆದರಬೇಡಿ. ಕನ್ನಡದವರಿಗೆ ಐರಿಶ್ ಕೆಲವು ಕಡೆ ಇಂಗ್ಲಿಷಿಗಿಂತ ಹತ್ತಿರವೆನಿಸುತ್ತದೆ. ಇಂಗ್ಲಿಷಿನಲ್ಲಿ ಪುಸ್ತಕವನ್ನು ಹೊಂದಿದ್ದೇನೆ ಎನ್ನಲು ಒಂದು ಕ್ರಿಯಾಪದ ಬೇಕು, ಐರಿಶಿನಲ್ಲಿ ಅಂಥ ಕ್ರಿಯಾಪದವೇ ಇಲ್ಲ. ನಾವು ನನ್ನ ಹತ್ತಿರ ಪುಸ್ತಕ ಇದೆ ಎನ್ನುವಂತೆ ಅವರೂ ಪುಸ್ತಕ ನನ್ನ ಬಳಿ ಇದೆ ಎನ್ನುತ್ತಾರೆ. ಹಸಿವೆ ಎನ್ನುವುದಕ್ಕೆ ‘ತಾ ಒಕ್ರಸ್ ಒರಮ್’, ಅಂದರೆ ಹಸಿವು ನನ್ನ ಮೇಲಿದೆ ಎನ್ನುತ್ತಾರೆ. ನಮ್ಮ ‘ನನಗೆ ಹಸಿವಾಗಿದೆ’ ಎಂಬುದರಲ್ಲಿಯೂ ಹಸಿವೇ ಕರ್ತೃ, ನಾನಲ್ಲ. ಹೌದು, ಇಲ್ಲ ಎನ್ನುವುದಕ್ಕೆ ಅಲ್ಲಿ ಪ್ರತ್ಯೇಕ ಪದಗಳಿಲ್ಲ. ಬರುತ್ತೀಯಾ ಎಂದರೆ ಬರುತ್ತೇನೆ, ಬರುವುದಿಲ್ಲ ಎಂದೇ ಉತ್ತರಿಸಬೇಕು. ಕ್ರಿಯಾಪದ ವಾಕ್ಯದ ಮೊದಲಿಗೆ ಬರುವುದು ಮಾತ್ರ ನಮಗೆ ತಲೆಕೆಳಗು. ಬರವಣಿಗೆಗೂ ಉಚ್ಚಾರಣೆಗೂ ಇರುವ ದೂರವನ್ನು ಕಂಡು ಮೊದಲ ವಾರ ಗಾಬರಿಯಾಗುತ್ತದೆ, ಆದರೆ ಅದಕ್ಕೂ ನಿಯಮಗಳಿವೆ.

‘ಮೆಹಲ್’ ಎಂಬ ಅವರ ಒಂದು ಪದ ನನಗೆ ಬಹಳ ಹಿಡಿಸಿತು. ಸುಗ್ಗಿಯ ಕಾಲದಲ್ಲಿ ಅಕ್ಕಪಕ್ಕದವರೆಲ್ಲ ಕೂಡಿ ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಕೂಲಿಯಿಲ್ಲದೆ ದುಡಿಯುವ ಗುಂಪಿಗೆ ಆ ಹೆಸರು. ನಮ್ಮ ಇಂಡಿ, ಸಿಂದಗಿ ಕಡೆಯ ರೈತರು ಇದನ್ನು ಮುಯ್ಯಾಳು ಎನ್ನುತ್ತಾರೆ ಎಂದು ನಾನು ಹೇಳಿದಾಗ ಊಟದ ಕೂಟದ ಒಬ್ಬ ಅಜ್ಜ ಆ ಪದವನ್ನು ಮೂರು ಸಲ ಹೇಳಿಸಿಕೊಂಡು ತನ್ನ ಪುಸ್ತಕದಲ್ಲಿ ಬರೆದುಕೊಂಡರು. ಅಲ್ಲಿ ನನ್ನನ್ನು ಯಾರೂ ಉಪಕಾರ ಮಾಡಲು ಬಂದವಳೆಂದು ನೋಡಲಿಲ್ಲ, ಮುಯ್ಯಾಳಿಗೆ ಬಂದವಳೆಂದು ನೋಡಿದರು.

ಎಚ್ಚರಿಕೆ ಒಂದೇ. ಅಲ್ಲಿ ಭಾಷೆಗೂ ರಾಜಕೀಯಕ್ಕೂ ಹಳೆಯ ನಂಟಿದೆ. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಹಿಂಸೆ ಬಹುಮಟ್ಟಿಗೆ ನಿಂತಿದ್ದರೂ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಎಂಬ ಎರಡು ಸಮುದಾಯಗಳ ಓಣಿಗಳ ನಡುವಿನ ಎತ್ತರದ ಗೋಡೆಗಳು ಇನ್ನೂ ಇವೆ. ಅಲ್ಲಿಯ ಒಂದು ನಗರವನ್ನು ಡೆರ‍್ರಿ ಎನ್ನುವಿರೋ ಲಂಡನ್‌ಡೆರ‍್ರಿ ಎನ್ನುವಿರೋ ಎಂಬುದರಿಂದಲೇ ನೀವು ಯಾವ ಕಡೆಯವರೆಂದು ಅಳೆಯುವವರು ಇದ್ದಾರೆ. ಬೆಳಗಾವಿ, ಬೆಳಗಾಂವ ಎಂಬ ಎರಡು ಹೆಸರುಗಳ ನಡುವೆ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಐರಿಶ್ ಒಂದೇ ಪಂಗಡದ ಸೊತ್ತು ಎಂದುಕೊಳ್ಳಬೇಡಿ. ಪ್ರೊಟೆಸ್ಟಂಟರೇ ಹೆಚ್ಚಾಗಿರುವ ಪೂರ್ವ ಬೆಲ್‌ಫಾಸ್ಟ್‌ನಲ್ಲಿಯೂ ‘ತುರಸ್’ ಎಂಬ ಯೋಜನೆಯಡಿ ವಯಸ್ಕರು ಐರಿಶ್ ಕಲಿಯುತ್ತಿದ್ದಾರೆ. ಫಾಲ್ಸ್ ರಸ್ತೆಯಲ್ಲಿರುವ ‘ಕುಲ್ಟೂರ್‌ಲನ್’ ಎಂಬ ಐರಿಶ್ ಸಾಂಸ್ಕೃತಿಕ ಕೇಂದ್ರ ಒಂದು ಹಳೆಯ ಪ್ರೆಸ್ಬಿಟೇರಿಯನ್ ಚರ್ಚಿನ ಕಟ್ಟಡದಲ್ಲಿದೆ. ಅದರ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟಂಟ್ ವ್ಯಾಪಾರಿ ರಾಬರ್ಟ್ ಮೆಕ್ಆಡಮ್ ಮತ್ತು ಕ್ಯಾಥೊಲಿಕ್ ಕಾರ್ಡಿನಲ್ ತೊಮಾಸ್ ಓ ಫೀ ಇಬ್ಬರೂ ಇದ್ದಾರೆ.

ಉತ್ತರ 2: ಘಟಪ್ರಭಾ (ಬಾಗಲಕೋಟೆ)

ಕಾಗದಪತ್ರಗಳ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಹೊರಡುವ ಮುನ್ನ ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಪ್ರತಿಯೊಂದನ್ನೂ ಮತ್ತೊಮ್ಮೆ ನೋಡಿಕೊಳ್ಳಿ, ಏಕೆಂದರೆ ಶುಲ್ಕಗಳು ಆಗಾಗ ಬದಲಾಗುತ್ತವೆ.

ಉತ್ತರ ಐರ್ಲೆಂಡ್ ಬ್ರಿಟನ್ನಿನ ಆಡಳಿತದಲ್ಲಿರುವುದರಿಂದ ನಿಮಗೆ ಬೇಕಾಗಿರುವುದು ಬ್ರಿಟಿಷ್ ವೀಸಾ. ಸಂದರ್ಶಕರ ವೀಸಾದಲ್ಲಿ ಹೋದವರು ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ ಒಟ್ಟು 30 ದಿನ ಮಾತ್ರ ಸ್ವಯಂಸೇವೆ ಮಾಡಬಹುದು. ಆರು ತಿಂಗಳಿಗೆ ಅದು ಸಾಲದು. ನಿಮಗೆ ಚಾರಿಟಿ ವರ್ಕರ್ ವೀಸಾ ಬೇಕು. ಅದು ಹೆಚ್ಚೆಂದರೆ 12 ತಿಂಗಳಿನದು, ಮತ್ತು ಅದಕ್ಕೆ ಆ ಸಮುದಾಯ ಕೇಂದ್ರವು ಬ್ರಿಟನ್ನಿನ ಗೃಹ ಇಲಾಖೆಯಿಂದ ಪ್ರಾಯೋಜಕ ಪರವಾನಗಿ ಪಡೆದಿದ್ದು, ನಿಮ್ಮ ಹೆಸರಿಗೆ ಪ್ರಾಯೋಜಕತ್ವದ ಪ್ರಮಾಣಪತ್ರ ಕೊಡಬೇಕು. ಬನ್ನಿ ಎಂಬ ಪ್ರೀತಿಯ ಪತ್ರ ಒಂದೇ ಇದ್ದರೆ ವೀಸಾ ಸಿಗುವುದಿಲ್ಲ. ಮೊದಲು ಇದನ್ನೇ ಕೇಳಿ. ಕೇಂದ್ರದವರು ನಿಮ್ಮ ಖರ್ಚಿನ ಹೊಣೆಯನ್ನು ಬರಹದಲ್ಲಿ ಹೊರದಿದ್ದರೆ ನಿಮ್ಮ ಖಾತೆಯಲ್ಲಿ 1,270 ಪೌಂಡ್‌ಗೆ ಸಮನಾದ ಹಣ 28 ದಿನ ಸತತವಾಗಿ ಇರಬೇಕಾಗುತ್ತದೆ. ವಾಸ ಆರು ತಿಂಗಳು ದಾಟಿದರೆ ಕ್ಷಯರೋಗದ ತಪಾಸಣೆಯ ಪ್ರಮಾಣಪತ್ರ ಮತ್ತು ಆರೋಗ್ಯ ಶುಲ್ಕ ಎರಡೂ ಸೇರುತ್ತವೆ. ಆದ್ದರಿಂದ ಆರು ತಿಂಗಳೊಳಗೆ ಮುಗಿಸುವಂತೆ ದಿನಗಳನ್ನು ಲೆಕ್ಕಹಾಕಿಕೊಳ್ಳುವುದು ಒಳ್ಳೆಯದು.

ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆಯನ್ನು ಅಲ್ಲಿ ಆಕ್ಸೆಸ್ ಎನ್‌ಐ ಎಂಬ ವ್ಯವಸ್ಥೆಯ ಮೂಲಕ ಪರಿಶೀಲಿಸುತ್ತಾರೆ. ನಿಮ್ಮ ವಾಸ ಇಲ್ಲಿಯದಾದ್ದರಿಂದ ನಮ್ಮ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಅದನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ ಮಾಡಿಸಬಹುದು. ಇದನ್ನೆಲ್ಲ ಕೇಳದೆಯೇ ಮಕ್ಕಳ ಬಳಿ ಬಿಡುತ್ತೇವೆ ಎನ್ನುವ ಸಂಸ್ಥೆ ಇದ್ದರೆ ಅಲ್ಲಿಗೆ ಹೋಗಲೇಬೇಡಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಐರಿಶ್ ಕಲಿಯುವವರೆಲ್ಲ ಡೊನೆಗಾಲ್ ಜಿಲ್ಲೆಯ ಐರಿಶ್ ಆಡುವ ಹಳ್ಳಿಗಳಿಗೆ ಹೋಗಿಬರುವುದು ವಾಡಿಕೆ, ನಿಮ್ಮನ್ನೂ ಕರೆಯುತ್ತಾರೆ. ಆದರೆ ಡೊನೆಗಾಲ್ ಇರುವುದು ಐರ್ಲೆಂಡ್ ಗಣರಾಜ್ಯದಲ್ಲಿ, ಅಂದರೆ ಬೇರೆ ದೇಶದಲ್ಲಿ. ನಾವು ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವಂತೆ ಗಡಿ ದಾಟಿದ್ದೇ ತಿಳಿಯುವುದಿಲ್ಲ. ತಡೆಯುವವರು ಇಲ್ಲದಿದ್ದರೂ ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಆ ದೇಶದ ಅನುಮತಿ ಬೇರೆಯಾಗಿಯೇ ಬೇಕು. ಅದಿಲ್ಲದೆ ವಾಹನ ಹತ್ತಬೇಡಿ.

ಕೊನೆಯದಾಗಿ, ಮಧ್ಯವರ್ತಿಗಳಿಂದ ದೂರವಿರಿ. ನನ್ನ ತಮ್ಮ ಒಂದು ಏಜೆನ್ಸಿಗೆ ಸ್ವಯಂಸೇವೆಯ ಹೆಸರಿನಲ್ಲಿ ಎಂಬತ್ತು ಸಾವಿರ ರೂಪಾಯಿ ಕಟ್ಟಿದ. ಹೋಗಿ ನೋಡಿದರೆ ಅಲ್ಲಿಯವರಿಗೆ ಅವನು ಬರುವ ವಿಷಯವೇ ತಿಳಿದಿರಲಿಲ್ಲ. ನೀವು ನೇರವಾಗಿ ಪತ್ರ ಬರೆದಿರುವುದು ಸರಿಯಾದ ದಾರಿ.

ಉತ್ತರ 3: ನಿವೃತ್ತ ಕನ್ನಡ ಶಿಕ್ಷಕ (ಟಿಳಕವಾಡಿ, ಬೆಳಗಾವಿ)

ಮಗಳೇ, ನಿಮ್ಮ ಉತ್ಸಾಹವನ್ನು ಕಂಡು ಸಂತೋಷವಾಯಿತು, ಆದರೂ ನಾನು ಒಂದು ಭಿನ್ನವಾದ ಮಾತನ್ನು ಹೇಳಬೇಕಾಗಿದೆ. ಮೂವತ್ತಮೂರು ವರ್ಷ ಇದೇ ಗಡಿಭಾಗದ ಶಾಲೆಗಳಲ್ಲಿ ಪಾಠ ಮಾಡಿದವನು ನಾನು.

ತಾಜ್‌ಬಾವಡಿಯ ತಂಗಿ ಬರೆದ ಅನುಭವ ಬಹಳ ಮೌಲ್ಯದ್ದು. ಆದರೆ ಅದರಿಂದ ನೀವು ತಪ್ಪು ಪಾಠ ಕಲಿತು ಬಂದರೆ ನಿಮ್ಮ ಮಕ್ಕಳಿಗೆ ನಷ್ಟವಾಗುತ್ತದೆ. ಬೆಲ್‌ಫಾಸ್ಟ್‌ನ ಮಗು ಶಾಲೆಯಲ್ಲಿ ಇಂಗ್ಲಿಷನ್ನು ಬಾಗಿಲಾಚೆ ಬಿಟ್ಟು ಬಂದರೆ ಅದಕ್ಕೆ ಏನೂ ಕಳೆಯುವುದಿಲ್ಲ, ಏಕೆಂದರೆ ಓಣಿ, ಟಿವಿ, ಮೊಬೈಲು, ಆಟದ ಬಯಲು ಎಲ್ಲವೂ ಇಂಗ್ಲಿಷಿನದೇ. ಆ ಭಾಷೆ ಎಂದೂ ಒಣಗದ ಹೊಳೆ. ಖಾನಾಪುರದ ಮರಾಠಿ ಮಗುವಿನ ಮಾತೇ ಬೇರೆ. ಅದು ತನ್ನ ತಾಯಿಯ ಮಾತನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಾ ಎಂದು ನೀವು ಹೇಳಿದರೆ, ಅರ್ಧ ಮಗುವನ್ನು ಹೊರಗೆ ನಿಲ್ಲಿಸಿದಂತೆ. ಅಲ್ಲಿಯ ಕ್ರಮದಲ್ಲಿ ಮನೆಮಾತಿನ ಮೇಲೆ ಇನ್ನೊಂದು ಭಾಷೆ ಕೂಡುತ್ತದೆ, ಅದನ್ನೇ ಇಲ್ಲಿ ಕುರುಡಾಗಿ ತಂದರೆ ಒಂದು ಭಾಷೆ ಕಳೆದು ಇನ್ನೊಂದು ಬರುತ್ತದೆ.

ಐರಿಶರ ಚರಿತ್ರೆಯೇ ಇದಕ್ಕೆ ಸಾಕ್ಷಿ. 1831ರಲ್ಲಿ ಅಲ್ಲಿ ರಾಷ್ಟ್ರೀಯ ಶಾಲೆಗಳು ಆರಂಭವಾದಾಗ ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯಿತು. ಮಕ್ಕಳ ಕೊರಳಿಗೆ ಒಂದು ಕೋಲನ್ನು ಕಟ್ಟಿ, ಐರಿಶ್ ಮಾತು ಬಾಯಿಂದ ಬಿದ್ದಾಗಲೆಲ್ಲ ಅದರ ಮೇಲೆ ಒಂದು ಗೀಟು ಕೊರೆದು, ಗೀಟುಗಳನ್ನು ಎಣಿಸಿ ಶಿಕ್ಷಿಸುವ ಪದ್ಧತಿಯಿತ್ತು. ಮೇಲೆ 1845ರಿಂದ ಬಂದ ಮಹಾಕ್ಷಾಮ ಐರಿಶ್ ಆಡುತ್ತಿದ್ದ ಬಡವರನ್ನೇ ಹೆಚ್ಚಾಗಿ ಕೊಂದಿತು ಮತ್ತು ಹಡಗು ಹತ್ತಿಸಿತು. ಆ ಕೋಲಿನ ನೆನಪು ಇರುವ ಜನಾಂಗ ಇಂದು ಶಾಲೆ ಕಟ್ಟುತ್ತಿದೆ. ನೀವು ಅಲ್ಲಿ ಹೋಗಿ ಆ ಕೋಲಿನ ಕಥೆಯನ್ನು ಮೊದಲು ಕೇಳಿರಿ, ಆಮೇಲೆ ಬೋಧನಾ ವಿಧಾನವನ್ನು ನೋಡಿರಿ.

ನನ್ನ ಎರಡನೆಯ ಮಾತು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಡಗ್ಲಸ್ ಹೈಡ್ ಮೊದಲಾದವರು ಡಬ್ಲಿನ್‌ನಲ್ಲಿ ಐರಿಶ್ ಭಾಷೆಗಾಗಿ ಗೇಲಿಕ್ ಲೀಗ್ ಕಟ್ಟಿದ್ದು 1893ರಲ್ಲಿ. ಅದಕ್ಕೂ ಮೊದಲೇ ಮರಾಠಿಯ ಪ್ರಭಾವದಲ್ಲಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ನಮಗೆ ಇದ್ದರು. ಈ ವಿಷಯದಲ್ಲಿ ನಾವು ಅವರಿಗಿಂತ ಹಿಂದೆ ಇರಲಿಲ್ಲ. ಹಾಗಿದ್ದ ಮೇಲೆ ಇಲ್ಲಿಯ ಒಂದನೆಯ ತರಗತಿಯನ್ನು ಬರಿದು ಮಾಡಿ ಅಲ್ಲಿಯ ಒಂದನೆಯ ತರಗತಿಗೆ ಏಕೆ ಹೋಗಬೇಕು? ಅತಿಥಿ ಶಿಕ್ಷಕಿ ಮಧ್ಯದಲ್ಲಿ ಬಿಟ್ಟುಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆ.

ಉತ್ತರ 4: ತಾಜ್‌ಬಾವಡಿ ಅಕ್ಕ

ಗುರುಗಳೇ, ನಿಮ್ಮ ಮೊದಲನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಅದನ್ನು ಬರೆಯಬೇಕಾಗಿತ್ತು, ಬರೆಯಲಿಲ್ಲ. ಎರಡನೆಯದಕ್ಕೆ ಮಾತ್ರ ಒಂದು ಉತ್ತರವಿದೆ.

ಸಂಘ ಕಟ್ಟುವುದರಲ್ಲಿ ನಾವು ಹಿಂದಿರಲಿಲ್ಲ ಎಂಬುದು ನಿಜ. ಆದರೆ ಓದು ಬಾರದ ತಂದೆತಾಯಂದಿರನ್ನು ಶಾಲೆಯ ಭಾಷೆಯೊಳಗೆ ಕರೆತರುವುದರಲ್ಲಿ ನಾವು ಹಿಂದಿದ್ದೇವೆ. ಬೆಲ್‌ಫಾಸ್ಟ್‌ನ ಷಾಸ್ ರಸ್ತೆಯಲ್ಲಿ ಕೆಲವೇ ಕುಟುಂಬಗಳು ತಮ್ಮ ಮಕ್ಕಳನ್ನು ಐರಿಶಿನಲ್ಲಿ ಬೆಳೆಸಬೇಕೆಂದು 1969ರ ಸುಮಾರಿಗೆ ಒಟ್ಟಿಗೆ ಮನೆಗಳನ್ನು ಕಟ್ಟಿಕೊಂಡವು. 1971ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ತಾವೇ ಶಾಲೆ ತೆರೆದವು. ಅದಕ್ಕೆ ಸರ್ಕಾರದ ಅನುದಾನ ಬಂದದ್ದು 1984ರಲ್ಲಿ. ನಡುವಿನ ಹದಿಮೂರು ವರ್ಷ ಆ ಶಾಲೆಯನ್ನು ನಡೆಸಿದ್ದು ನೆರೆಹೊರೆಯವರ ದೇಣಿಗೆ ಮತ್ತು ದುಡಿಮೆ. ಇಂದು ಉತ್ತರ ಐರ್ಲೆಂಡಿನಲ್ಲಿ 7,000ಕ್ಕೂ ಹೆಚ್ಚು ಮಕ್ಕಳು ಐರಿಶ್ ಮಾಧ್ಯಮದಲ್ಲಿದ್ದಾರೆ, ಅವರಲ್ಲಿ ಬಹುಪಾಲು ಮಕ್ಕಳ ಮನೆಮಾತು ಇಂಗ್ಲಿಷ್. ಆ ಮಕ್ಕಳ ಮನೆಪಾಠವನ್ನು ನೋಡಿಕೊಡಲು ತಾಯಿಗೆ ಬರುವುದಿಲ್ಲ. ಅದಕ್ಕಾಗಿಯೇ ಶಾಲೆಯ ಪಕ್ಕದಲ್ಲಿ ಸಮುದಾಯ ಕೇಂದ್ರ ಬೇಕಾಯಿತು.

ಹಾಗೆಂದು ಎಲ್ಲವೂ ಗೆದ್ದಾಗಿದೆ ಎಂದಲ್ಲ. ದಕ್ಷಿಣದ ಗಣರಾಜ್ಯದ 2022ರ ಜನಗಣತಿಯಲ್ಲಿ ಐರಿಶ್ ಬರುತ್ತದೆ ಎಂದವರು 18 ಲಕ್ಷಕ್ಕೂ ಹೆಚ್ಚು, ಆದರೆ ಶಾಲೆಯ ಹೊರಗೆ ದಿನವೂ ಆಡುವವರು 71,968 ಮಂದಿ. ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆಯೆಂಬ ಸ್ಥಾನ 1937ರಿಂದಲೂ ಇದೆ. ಶಾಲೆ ಮತ್ತು ಕಾನೂನು ಎರಡೂ ಇದ್ದು ಅಂಗಳದಲ್ಲಿ ಮಾತಿಲ್ಲದಿದ್ದರೆ ಏನಾಗುತ್ತದೆ ಎಂಬುದು ಈ ಎರಡು ಅಂಕಿಗಳ ನಡುವೆ ಇದೆ. ತಂಗಿ, ನೀವು ಹೋದರೆ ಶಾಲೆಯ ತರಗತಿಗಿಂತ ಸಂಜೆಯ ಪಾಲಕರ ತರಗತಿಯಲ್ಲಿ ಹೆಚ್ಚು ಹೊತ್ತು ಕೂಡಿರಿ.

ಪ್ರಶ್ನೆ ಕೇಳಿದವರು: ಮಲಪ್ರಭೆ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಗುರುಗಳ ಮಾತನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದ ವರ್ಷ ನಾನೇ ನನ್ನ ತರಗತಿಯಲ್ಲಿ ‘ಇಲ್ಲಿ ಕನ್ನಡ ಮಾತ್ರ’ ಎಂದು ಒಂದು ಪಟ್ಟಿ ಅಂಟಿಸಿದ್ದೆ. ಒಳ್ಳೆಯ ಉದ್ದೇಶದಿಂದಲೇ ಅಂಟಿಸಿದ್ದೆ. ನಿನ್ನೆ ಅದನ್ನು ತೆಗೆದೆ. ಮರಾಠಿ ಮಾತಾಡುವ ತಾಯಂದಿರು ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬಂದು ಗೇಟಿನ ಹೊರಗೇ ನಿಲ್ಲುತ್ತಾರೆ. ನಾಲ್ಕು ವರ್ಷದಲ್ಲಿ ಅವರನ್ನು ಒಮ್ಮೆಯೂ ಒಳಗೆ ಕೂರಿಸಿಲ್ಲ ಎಂಬುದೂ ಈಗಲೇ ಹೊಳೆಯಿತು.

ಕೇಂದ್ರದವರಿಗೆ ಪತ್ರ ಬರೆದು ವಿಚಾರಿಸಿದೆ. ಪ್ರಾಯೋಜಕ ಪರವಾನಗಿ ತಮ್ಮ ಬಳಿ ಇದೆ ಎಂದಿದ್ದಾರೆ. ಸೆಪ್ಟೆಂಬರಿನಲ್ಲಿ ಅಲ್ಲಿಯ ಶಾಲೆ ಆರಂಭವಾಗುತ್ತದೆ, ಆಗ ಬಂದು ಫೆಬ್ರವರಿಯಲ್ಲಿ ಹೊರಡಬಹುದು ಎಂದರು. ಹಾಗಾದರೆ ಜೂನ್, ಜುಲೈ, ಆಗಸ್ಟ್ ನಾನು ನನ್ನ ಮಕ್ಕಳ ಜೊತೆಗೇ ಇರುತ್ತೇನೆ, ಹೊಸ ಮಕ್ಕಳ ಮೊದಲ ಕಷ್ಟದ ತಿಂಗಳುಗಳನ್ನು ಬಿಟ್ಟುಹೋಗುವುದಿಲ್ಲ. ಆದರೆ ಸೆಪ್ಟೆಂಬರಿನಿಂದ ತರಗತಿಯನ್ನು ಯಾರು ನೋಡುತ್ತಾರೆ ಎಂಬ ಗುರುಗಳ ಪ್ರಶ್ನೆ ಹಾಗೆಯೇ ಉಳಿದಿದೆ. ಬೇರೆಯವರು ಸಿಗದಿದ್ದರೆ ನಾನು ಹೋಗುವುದಿಲ್ಲ.

ಉತ್ತರ 5: ನಿವೃತ್ತ ಕನ್ನಡ ಶಿಕ್ಷಕ

ಮಗಳೇ, ಪಟ್ಟಿ ತೆಗೆದದ್ದು ಓದಿ ಕಣ್ಣು ತುಂಬಿತು. ನನ್ನ ತರಗತಿಯಲ್ಲಿಯೂ ಅಂಥದೊಂದು ಪಟ್ಟಿ ಬಹಳ ವರ್ಷ ಇತ್ತು.

ಅತಿಥಿ ಶಿಕ್ಷಕರ ನೇಮಕ ಇಲಾಖೆಯವರ ಕೆಲಸ, ಅದಕ್ಕೆ ನಿಮ್ಮ ಮುಖ್ಯೋಪಾಧ್ಯಾಯರು ಈಗಲೇ ಬರೆದರೆ ಸೆಪ್ಟೆಂಬರಿನೊಳಗೆ ಆದೀತು. ಆಗುವವರೆಗೂ, ಆದ ಮೇಲೂ, ವಾರಕ್ಕೆ ಎರಡು ದಿನ ನಾನು ಬಂದು ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ನನಗೆ ಮರಾಠಿ ಚೆನ್ನಾಗಿ ಬರುತ್ತದೆ, ಮಕ್ಕಳಿಗೆ ತೊಂದರೆಯಾಗದು. ನೀವು ಹೊರಡುವ ಮುನ್ನ ಆಗಸ್ಟ್ ತಿಂಗಳಲ್ಲಿ ಗೇಟಿನ ಹೊರಗೆ ನಿಲ್ಲುವ ಆ ತಾಯಂದಿರಿಗಾಗಿ ಒಂದು ಶನಿವಾರ ಚಹಾ ಇಟ್ಟು ಕರೆಯಿರಿ, ಅಂದು ನಾನೂ ಬರುತ್ತೇನೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಬೆಳಗಾವಿಯಿಂದ ನಿಮ್ಮ ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ತಿಳಿಸಿರಿ.